ರೂವಾರಿಯನ್ನು ಬೆಳೆಸಿದ ಊರು

ಪ್ರತಿಭೆ ಮಹಾನಗರದಲ್ಲಿ ಮಾತ್ರ ಅರಳುತ್ತದೆಯೇ? ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಚರಿತ್ರೆ ಬೇರೆಯದೇ ಉತ್ತರ ಹೇಳುತ್ತದೆ.

ತರೀಕೆರೆಗೆ ಸಮೀಪದ ಅಮೃತಾಪುರ ಇವತ್ತು ತೆಂಗು, ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. 1196ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಇಲ್ಲಿ ಶಿವಾಲಯ ಕಟ್ಟಿಸಿದ. ಆ ಕೆಲಸದಲ್ಲಿ ತೊಡಗಿದ್ದವರ ಪೈಕಿ ಇಬ್ಬರನ್ನು ಕನ್ನಡನಾಡು ಇಂದಿಗೂ ಮರೆತಿಲ್ಲ. ಒಬ್ಬ ರೂವಾರಿ ಮಲ್ಲಿತಮ್ಮ. ಮುಖ್ಯ ಮಂಟಪದ ಗುಮ್ಮಟದಂಥ ಭುವನೇಶ್ವರಿಗಳ ಮೇಲೆ ಉಳಿ ಆಡಿಸುತ್ತ ಅವನು ವೃತ್ತಿ ಆರಂಭಿಸಿದ್ದು ಇಲ್ಲಿ. ಇನ್ನೊಬ್ಬ ಕವಿ ಜನ್ನ. ದೇವಾಲಯದ ಎದುರಿಗಿರುವ ದೊಡ್ಡ ಶಾಸನದ ಪದ್ಯಗಳು ಅವನವು.

ಆಗ ಇಬ್ಬರೂ ಹೆಸರು ಮಾಡಿದವರಲ್ಲ. ಜನ್ನನ ‘ಯಶೋಧರ ಚರಿತೆ’ ಮುಗಿದದ್ದು 1209ರಲ್ಲಿ, ‘ಅನಂತನಾಥ ಪುರಾಣ’ 1230ರಲ್ಲಿ. ಮಲ್ಲಿತಮ್ಮನ ಹೆಸರು 1246ರ ನುಗ್ಗೇಹಳ್ಳಿಯಲ್ಲಿ ಸಿಗುತ್ತದೆ, 1258ರ ಸೋಮನಾಥಪುರದಲ್ಲೂ ಸಿಗುತ್ತದೆ. ಅರವತ್ತು ವರ್ಷ ಕಲ್ಲಿನೊಡನೆ ಬಾಳಿದವನು ಅಮೃತಾಪುರಕ್ಕೆ ಬಂದಾಗ ಮೀಸೆ ಮೂಡುವ ವಯಸ್ಸಿನವನೇ ಇರಬೇಕು. ಮುಂದೆ ಕವಿಚಕ್ರವರ್ತಿ ಎನಿಸಲಿರುವವನು ಮತ್ತು ಮುಂದೆ ಸೋಮನಾಥಪುರ ಕಡೆಯಲಿರುವವನು, ಇಬ್ಬರೂ ಒಂದೇ ಕಾಲಕ್ಕೆ ಒಂದೇ ಊರಿನ ಕೆಲಸಕ್ಕೆ ಸಿಕ್ಕಿದ್ದು ಬರೀ ಅದೃಷ್ಟವೇ? ಅಥವಾ ಆ ಊರಿನಲ್ಲಿ ಅಂಥದ್ದೇನಾದರೂ ಇತ್ತೇ?

ಊರುಗಳು ಪ್ರತಿಭೆಯನ್ನು ಹೇಗೆ ಬೆಳೆಸುತ್ತವೆ ಎಂಬ ಚರ್ಚೆ ಇವತ್ತು ಬೆಂಗಳೂರಿನಿಂದ ಶುರುವಾಗಿ ಬೆಂಗಳೂರಿನಲ್ಲೇ ಮುಗಿಯುತ್ತದೆ. ಅದನ್ನು ಕಡೂರಿನ ಬಯಲಿನಿಂದ, ತರೀಕೆರೆಯ ಏರಿಯಿಂದ, ಅಜ್ಜಂಪುರದ ಕಾವಲಿನಿಂದ ಶುರುಮಾಡಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ.

ಕೆಲಸ, ಒಡನಾಟ, ಪೈಪೋಟಿ

ಹೊಯ್ಸಳ ಶಿಲ್ಪದ ಕುಸುರಿಗೆ ಮೊದಲ ಕಾರಣ ಕಲ್ಲು. ಬಳಪದ ಕಲ್ಲು ಗಣಿಯಿಂದ ಎದ್ದಾಗ ಮೆದು. ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಡುಸು. ಹೀಗಾಗಿ ಬೆರಳಿನ ಉಂಗುರ, ಕೊರಳಿನ ಸರದ ಮಣಿಗಳನ್ನೂ ಬಿಡಿಸಬಹುದಾಯಿತು, ಕಂಬವನ್ನು ತಿರುಗಣೆಗೆ ಏರಿಸಿ ನುಣ್ಣಗೆ ಕಡೆಯಬಹುದಾಯಿತು. ಆದರೆ ಕಲ್ಲು ಇದ್ದಮಾತ್ರಕ್ಕೆ ಶಿಲ್ಪಿ ಹುಟ್ಟುವುದಿಲ್ಲ. ಅದೇ ಕಲ್ಲು ಈ ಸೀಮೆಯಲ್ಲಿ ಹೊಯ್ಸಳರಿಗಿಂತ ಮುಂಚೆಯೂ ಇತ್ತು, ಈಗಲೂ ಇದೆ.

ಅಮೃತಾಪುರದ ತೆರೆದ ಮಂಟಪದ ಹೊರಗೋಡೆಯನ್ನು ಗಮನವಿಟ್ಟು ನೋಡಿದರೆ ಉಳಿದ ಕಾರಣಗಳೂ ಸಿಗುತ್ತವೆ. ಅಲ್ಲಿ ಚಿಕ್ಕ ಚಿಕ್ಕ 140 ಫಲಕಗಳಿವೆ. ದಕ್ಷಿಣದ ಗೋಡೆಯ 70ರಲ್ಲಿ ರಾಮಾಯಣ. ಉತ್ತರದಲ್ಲಿ ಕೃಷ್ಣನ ಕತೆಗೆ 25, ಮಹಾಭಾರತಕ್ಕೆ 45. ಹೊಯ್ಸಳ ಗುಡಿಗಳಲ್ಲಿ ಕತೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುವುದು ರೂಢಿ. ಇಲ್ಲಿ ರಾಮಾಯಣ ಮಾತ್ರ ಎದುರು ದಿಕ್ಕಿಗೆ ಹೋಗುತ್ತದೆ. ಅಂದರೆ ರೂಢಿಯನ್ನು ಬಲ್ಲವರೇ ರೂಢಿ ಬಿಟ್ಟು ನಡೆಯುವ ಧೈರ್ಯ ಮಾಡಿದ್ದಾರೆ; ಕಟ್ಟಿಸಿದವನು ಅದಕ್ಕೆ ಒಪ್ಪಿದ್ದಾನೆ. ಇಷ್ಟು ಫಲಕಗಳ ಕೆಲಸ ಎಂದರೆ ಹತ್ತಾರು ಕೈಗಳಿಗೆ ಕೆಲಸ. ಒಬ್ಬ ಕಡೆದದ್ದು ಪಕ್ಕದವನ ಕಣ್ಣಿಗೆ ಬೀಳುತ್ತದೆ. ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ.

ಇದನ್ನೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಸಿದ್ಧಾಂತವಾಗಿ ಹೇಳಿದ. ಒಂದೇ ಕಸುಬಿನವರು ಒಂದೇ ಕಡೆ ಬಹುಕಾಲ ಬಾಳಿದರೆ ಆ ಕಸುಬಿನ ಒಳಗುಟ್ಟುಗಳು ಊರಿನ ಗಾಳಿಯಲ್ಲೇ ಬೆರೆತುಹೋಗುತ್ತವೆ, ಮಕ್ಕಳು ಅದನ್ನು ಅರಿವಿಲ್ಲದೆಯೇ ಕಲಿಯುತ್ತಾರೆ ಎಂಬುದು ಅವನ ವಾದ. ಮಾರ್ಷಲ್ ಶೆಫೀಲ್ಡಿನ ಚೂರಿ-ಕತ್ತರಿ ಮಾಡುವವರಂಥ ಕಸುಬುದಾರರನ್ನು ಮನಸ್ಸಿನಲ್ಲಿಟ್ಟು ಬರೆದ. ಅದು ಬಳ್ಳಿಗಾವಿಗೂ ಹೊಂದುತ್ತದೆ. ಮಠಗಳು, ವರ್ತಕರು, ವಿದ್ವಾಂಸರು ಒಟ್ಟಿಗೆ ಇದ್ದ ಆ ನಗರದಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಹೆಸರು ಕೊರೆದರು. ನಗರದ ಗಾಳಿಯನ್ನು ಅವರು ತಮ್ಮ ಉಳಿಯೊಂದಿಗೆ ಹೊತ್ತು ತಂದರು.

ಗಾಳಿಯ ಜತೆಗೆ ಪೈಪೋಟಿಯೂ ಬೇಕು. ಹೊಯ್ಸಳ ರೂವಾರಿಗಳು ಶಿಲ್ಪದ ಪೀಠದಲ್ಲಿ ಹೆಸರು ಕೊರೆದು ಸುಮ್ಮನಾಗುತ್ತಿರಲಿಲ್ಲ. ಎದುರಾಳಿಗಳೆಂಬ ಬೆಟ್ಟಕ್ಕೆ ತಾನು ವಜ್ರಾಯುಧ ಎಂಬ ಧಾಟಿಯ ಬಿರುದುಗಳನ್ನೂ ಹಚ್ಚಿಕೊಳ್ಳುತ್ತಿದ್ದರು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ ಒಂದು ಬದಿಯ ಗೋಡೆ ಬೈಚೋಜನದು, ಇನ್ನೊಂದು ಬದಿಯದು ಮಲ್ಲಿತಮ್ಮನದು. ಒಂದೇ ಗುಡಿಗೆ ಎರಡು ಕೈ; ನೋಡುವ ಜನ ಹೋಲಿಸದೆ ಬಿಡುತ್ತಾರೆಯೇ? ಇದಾದ ಒಂದೂವರೆ ಶತಮಾನದ ನಂತರ, 1401ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರ ಒಂದು ಜೋಡಿ ಕಂಚಿನ ಬಾಗಿಲಿಗಾಗಿ ಶಿಲ್ಪಿಗಳ ಸ್ಪರ್ಧೆ ಏರ್ಪಡಿಸಿತು. ಗಿಬರ್ಟಿ ಗೆದ್ದ, ಬ್ರೂನಲೆಸ್ಕಿ ಸೋತ. ಸೋತವನು ಮುಂದೆ ಅದೇ ನಗರದ ಮಹಾ ಗುಮ್ಮಟ ಕಟ್ಟಿದ. ಸೋತವನಿಗೂ ಮುಂದಿನ ಕೆಲಸ ಕೊಡುವಷ್ಟು ಕೆಲಸಗಳಿರುವ ಊರು ಪ್ರತಿಭೆಯನ್ನು ಉಳಿಸಿಕೊಳ್ಳುತ್ತದೆ. ಒಂದೇ ಒಂದು ಅವಕಾಶವಿರುವ ಊರಿನಲ್ಲಿ ಸೋತವನು ಊರು ಬಿಡುತ್ತಾನೆ.

ಕೇಳುವ ಕಿವಿ

ಕಲ್ಲಿಗೆ ರೂವಾರಿ ಬೇಕಾದಂತೆ ಕಾವ್ಯಕ್ಕೆ ಕೇಳುಗ ಬೇಕು. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ನೆಲೆ ಕಡೂರು ತಾಲ್ಲೂಕಿನ ದೇವನೂರು ಎಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಆ ಕಾವ್ಯ ಬದುಕಿದ್ದು ಗ್ರಂಥಭಂಡಾರಗಳಲ್ಲಿ ಅಲ್ಲ; ಗುಡಿಯ ಜಗುಲಿಗಳಲ್ಲಿ, ಗಮಕಿಗಳ ಕೊರಳಿನಲ್ಲಿ. ಮಳೆಗಾಲದ ರಾತ್ರಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಕಳೆದ ಶತಮಾನದವರೆಗೂ ಗಟ್ಟಿಯಾಗಿತ್ತು. ಅಕ್ಷರ ಬಾರದವರೂ ಚಂದ್ರಹಾಸನ ಕತೆಯನ್ನು ಬಲ್ಲವರಾಗಿದ್ದರು. ಓದಿದವರು ತಪ್ಪಿದರೆ ಜಗುಲಿಯ ಮೂಲೆಯಿಂದ ಒಂದು ದನಿ ತಿದ್ದುತ್ತಿತ್ತು.

ಈ ತಿದ್ದುವ ದನಿಯೇ ಊರು ಕಲಾವಿದನಿಗೆ ಕೊಡುವ ದೊಡ್ಡ ಕೊಡುಗೆ. ಚಪ್ಪಾಳೆ ಯಾರು ಬೇಕಾದರೂ ತಟ್ಟಬಹುದು. ಇದು ಚೆನ್ನಾಗಿದೆ, ಇದು ಸಾಲದು ಎಂದು ಹೇಳಬಲ್ಲ ಜನ ಬೆಳೆಯಲು ತಲೆಮಾರುಗಳು ಬೇಕು. ಬಡಾವಣೆಗಳೆದ್ದು ಊರು ದೊಡ್ಡದಾದಾಗ ಇಂಥ ಕೇಳುಗರೂ ತಾನಾಗಿ ಹೆಚ್ಚುತ್ತಾರೆ ಎಂಬ ಭರವಸೆ ಇಲ್ಲ.

ಕಾವಲಿನ ಪಾಠ

ಹೊಸತನ ಎಂದರೆ ಯಂತ್ರ, ಮೊಬೈಲ್, ತಂತ್ರಾಂಶ ಎಂದುಕೊಂಡವರಿಗೆ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇನ್ನೊಂದು ಪಾಠ ಹೇಳುತ್ತದೆ. ಇದರ ಮೂಲ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿದೆ. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಇದ್ದ ಹಿಂಡನ್ನು ಹೈದರಾಲಿ ಮತ್ತು ಟಿಪ್ಪು ಸೈನ್ಯದ ಸಾಗಣೆಗೆ ಹದಗೊಳಿಸಿದರು. ಅಮೃತಮಹಲ್ ಎಂಬ ಹೆಸರು ಟಿಪ್ಪು ಕೊಟ್ಟದ್ದು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ರಾಸುಗಳಿಂದ ಆಯ್ದು ಬೆಳೆಸಿದ ಈ ಎತ್ತುಗಳು ತೋಪಿನ ಬಂಡಿ ಎಳೆದುಕೊಂಡು ಕಾಲಾಳುಗಳಿಗಿಂತ ಹಿಂದೆ ಬೀಳದೆ ನಡೆಯುತ್ತಿದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳನ್ನು ಬಳಸಿದ ಆರ್ಥರ್ ವೆಲ್ಲೆಸ್ಲಿ ಕೂಡ ಮೆಚ್ಚಿಕೊಂಡಿದ್ದ.

ಇಲ್ಲಿನ ಜಾಣ್ಮೆ ಇದ್ದದ್ದು ವ್ಯವಸ್ಥೆಯಲ್ಲಿ. ಹುಲ್ಲುಗಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತು ತಿರುಗಿದಂತೆ ಹಿಂಡನ್ನು ಅಟ್ಟುತ್ತಿದ್ದರು. ಕೆರೆಯಂಗಳದ ಹುಲ್ಲು ಯಾವ ತಿಂಗಳಿಗೆ, ಗುಡ್ಡದ ಹುಲ್ಲು ಯಾವ ತಿಂಗಳಿಗೆ ಎಂಬ ತಿಳಿವಳಿಕೆ ಕಾಯುವವರ ತಲೆಯಲ್ಲಿತ್ತು. ಲೆಕ್ಕ ಸರ್ಕಾರದ ದಫ್ತರದಲ್ಲಿತ್ತು. ಈ ಎರಡೂ ಕೂಡಿದ್ದರಿಂದ ಅರಸರು ಬದಲಾದರೂ ತಳಿ ಕೆಡಲಿಲ್ಲ.

ಆದರೆ 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಬ್ರಿಟಿಷ್ ಆಡಳಿತ ಹಿಂಡನ್ನು ಮಾರಿಹಾಕಿತು. ಒಳ್ಳೆಯ ಎತ್ತು ಸಿಗುವುದೇ ಕಷ್ಟವಾದಾಗ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು. ತಲೆಮಾರುಗಳು ಕಟ್ಟಿದ್ದನ್ನು ಕಳೆಯಲು ಒಂದು ಆದೇಶ ಸಾಕಾಯಿತು. ಶಾಲೆ, ಗ್ರಂಥಾಲಯ, ನಾಟಕ ತಂಡ, ಸಂಶೋಧನಾ ಕೇಂದ್ರ ಯಾವುದಕ್ಕೂ ಈ ಮಾತು ಅನ್ವಯಿಸುತ್ತದೆ. ಲಾಭ ಕಾಣಿಸುತ್ತಿಲ್ಲ ಎಂದು ಮುಚ್ಚುವವರು ಮತ್ತೆ ತೆರೆಯಲು ಎಷ್ಟು ತಗಲುತ್ತದೆ ಎಂಬ ಲೆಕ್ಕ ಹಾಕುವುದಿಲ್ಲ.

ಅದೇ ಅಮೃತಮಹಲ್ ಕಾವಲಿನ ಇನ್ನೊಂದು ತುದಿ ಚಳ್ಳಕೆರೆಯಲ್ಲಿದೆ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸೇರಿದಂತೆ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಕುರಿ ದನ ಮೇಯಿಸುತ್ತಿದ್ದ ಸುತ್ತಲ ಹಳ್ಳಿಗಳವರು ಹೋರಾಟಕ್ಕಿಳಿದರು, ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನ ಸಂಸ್ಥೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಯ ಒಳಗಿನ ಜ್ಞಾನ ಗೋಡೆಯ ಹೊರಗಿನ ಊರಿಗೆ ಸೇರಲು ದಾರಿ ಇಲ್ಲದಿದ್ದರೆ ಮಾರ್ಷಲ್ ಹೇಳಿದ ಗಾಳಿ ಬೀಸುವುದಾದರೂ ಹೇಗೆ?

ಹಳೆ ಕೆಲಸದ ಮಗ್ಗುಲಲ್ಲಿ ಹೊಸ ಕೆಲಸ

ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1969ರಲ್ಲಿ ನಗರಗಳ ಆರ್ಥಿಕತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸರಳ ಮಾತು ಹೇಳಿದರು. ಹೊಸ ಕೆಲಸ ಆಕಾಶದಿಂದ ಇಳಿಯುವುದಿಲ್ಲ, ಇರುವ ಕೆಲಸದ ಮಗ್ಗುಲಲ್ಲಿ ಚಿಗುರುತ್ತದೆ. ತರೀಕೆರೆ ಸೀಮೆಯಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಇವತ್ತು ಪ್ರವಾಸಿ ತಾಣ. ಅಲ್ಲಿನ ಕೆಂಪು ಮಣ್ಣು ಎಂದರೆ ಕಬ್ಬಿಣದ ಅದಿರು. ಬೆಟ್ಟದಿಂದ ರೋಪ್‌ವೇಯಲ್ಲಿ ಇಳಿದ ಅದಿರು ಭದ್ರಾವತಿಯ ಕುಲುಮೆ ಸೇರುತ್ತಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಕಲ್ಲಿದ್ದಲು ಹತ್ತಿರದಲ್ಲಿ ಇರಲಿಲ್ಲ. ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಇದ್ದಿಲು ಮಾಡುವಾಗ ಮರದಿಂದ ಬರುವ ಹೊಗೆಯನ್ನು ಬಿಡದೆ ಬಟ್ಟಿ ಇಳಿಸಿ ಮದ್ಯಸಾರದಂಥ ರಾಸಾಯನಿಕಗಳನ್ನು ತೆಗೆದರು. ಮುಂದೆ 1930ರ ದಶಕದಲ್ಲಿ ಅದೇ ಊರಿನಲ್ಲಿ ಸಿಮೆಂಟೂ ಕಾಗದವೂ ಬಂದವು. ಕೊರತೆಯೇ ಹೊಸ ದಾರಿ ತೋರಿಸಿತು. ಒಂದು ಕೆಲಸ ಬಲ್ಲವರು ಮಗ್ಗುಲ ಕೆಲಸಕ್ಕೆ ಕೈ ಹಾಕಿದರು.

ಇದೇ ಸೂತ್ರ ಬೆಂಗಳೂರಿನದೂ ಹೌದು. ತಂತ್ರಾಂಶದ ಕಂಪನಿಗಳು ಅಲ್ಲಿಗೆ ಬಂದದ್ದು ಹವೆ ಚೆನ್ನಾಗಿದೆ ಎಂದಷ್ಟೇ ಅಲ್ಲ. 1909ರ ವಿಜ್ಞಾನ ಸಂಸ್ಥೆ, 1940ರ ಎಚ್‌ಎಎಲ್, ಸ್ವಾತಂತ್ರ್ಯದ ನಂತರದ ಐಟಿಐ, ಎಚ್‌ಎಂಟಿ, ಬಿಇಎಲ್, ಅವುಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ನೂರಾರು ಸಣ್ಣ ಶೆಡ್‌ಗಳು ಒಂದರ ಮೇಲೊಂದು ಪದರವಾಗಿ ಕೂತಿದ್ದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಮಣ್ಣು ಹದವಾಗಿತ್ತು. ಭದ್ರಾವತಿಯಲ್ಲಿ ಪದರ ಕಟ್ಟುವ ಕೆಲಸ ನಿಂತಿತು. ಕಾಗದದ ಯಂತ್ರಗಳು ಮೌನವಾಗಿ ವರ್ಷಗಳೇ ಆದವು. ಕಾರ್ಖಾನೆ ನಂಬಿದ್ದ ಸುತ್ತಲ ತಾಲ್ಲೂಕುಗಳ ಹುಡುಗರು ಬೆಂಗಳೂರಿನ ರೈಲು ಹಿಡಿದರು.

ರೈಲು ಹತ್ತಿದವರು

ರೈಲಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಬಂತು. ಹಳಿ ಎರಡೂ ದಿಕ್ಕಿಗೆ ಒಯ್ಯುತ್ತದೆ ಎನ್ನುತ್ತೇವೆ; ಪ್ರತಿಭೆಯ ವಿಚಾರದಲ್ಲಿ ಅದು ಬಹುಪಾಲು ಒಂದೇ ದಿಕ್ಕಿಗೆ ಒಯ್ದಿದೆ.

ಕನ್ನಡ ಸಣ್ಣಕತೆಯ ಮೊದಲ ತಲೆಮಾರಿನ ‘ಆನಂದ’ ಅವರ ನಿಜ ಹೆಸರು ಅಜ್ಜಂಪುರ ಸೀತಾರಾಂ (1902–1963). ‘ನಾನು ಕೊಂದ ಹುಡುಗಿ’ ಬರೆದು ದೇವದಾಸಿ ಪದ್ಧತಿಯ ಕ್ರೌರ್ಯವನ್ನು ಓದುಗರ ಎದೆಗೆ ತಾಗಿಸಿದವರು. ತರೀಕೆರೆ ತಾಲ್ಲೂಕಿನ ಸಮತಳದಲ್ಲಿ ಹುಟ್ಟಿದ ರಹಮತ್ ತರೀಕೆರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ‘ಕತ್ತಿಯಂಚಿನ ದಾರಿ’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸೂಫಿಗಳು, ನಾಥರು, ಮೊಹರಂ ಹಾಡುಗಾರರು ಅವರ ಅಧ್ಯಯನದ ವಸ್ತು. ಬಾಬಾಬುಡನ್‌ಗಿರಿಯ ತಪ್ಪಲಿನ ಊರುಗಳಲ್ಲಿ ಧರ್ಮಗಳು ಬೆರೆತು ಬಾಳಿದ್ದನ್ನು ಕಂಡವರಿಗೆ ಈ ಕುತೂಹಲ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಊರು ಬಿಡುವುದೇ ತಪ್ಪು ಎಂದು ಹೇಳುವ ಹಾಗಿಲ್ಲ. ಮಲ್ಲಿತಮ್ಮನೂ ಅಮೃತಾಪುರದಲ್ಲೇ ಉಳಿಯಲಿಲ್ಲ. ಉಳಿದಿದ್ದರೆ ಸೋಮನಾಥಪುರದ ಗುಡಿಯಲ್ಲಿ ಅವನ ಹೆಸರು ಇರುತ್ತಿರಲಿಲ್ಲ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಅವನು ಊರು ಬಿಟ್ಟದ್ದು ಕೆಲಸ ಕಲಿತ ಮೇಲೆ. ಈಗಿನ ಹುಡುಗ ಹುಡುಗಿಯರು ಕೆಲಸ ಕಲಿಯುವುದಕ್ಕೇ ಊರು ಬಿಡಬೇಕು. ಮೊದಲ ಮೆಟ್ಟಿಲೇ ಊರಿನಲ್ಲಿ ಇಲ್ಲ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಹಳೆಯ ಊರುಗಳು ಎಲ್ಲರ ಪ್ರತಿಭೆಯನ್ನೂ ಬೆಳೆಸಲಿಲ್ಲ. ರೂವಾರಿಯ ವಿದ್ಯೆ ಕುಲದೊಳಗೇ ಸಾಗುತ್ತಿತ್ತು. ಗುಡಿಯ ಗೋಡೆಯ ಮೇಲೆ ಸಾವಿರ ಹೆಣ್ಣುರೂಪಗಳಿದ್ದರೂ ಅವುಗಳನ್ನು ಕಡೆದವಳೆಂದು ಹೆಣ್ಣೊಬ್ಬಳ ಹೆಸರನ್ನು ನಾವು ಓದಿಲ್ಲ. ಜಾತಿಯ ಕಟ್ಟು ಸಡಿಲಿಸಿ ಅಪರಿಚಿತರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ್ದು ನಗರದ ದೊಡ್ಡ ಗುಣ. ಸಣ್ಣ ಊರು ಪ್ರತಿಭೆ ಬೆಳೆಸಬೇಕೆಂದರೆ ಹಳೆಯ ಊರಿನ ಒಡನಾಟವನ್ನೂ ಹೊಸ ನಗರದ ಈ ಬಿಡುಗಡೆಯನ್ನೂ ಒಟ್ಟಿಗೆ ತರಬೇಕು.

ಸಾಣೇಹಳ್ಳಿ ತೋರಿಸಿದ ದಾರಿ

ಇದು ಆಗದ ಮಾತಲ್ಲ. ಸಾಗರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ತಿರುಗಾಟ ಹೊರಡಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಒಂದು ಹಳ್ಳಿಯ ಹೆಸರು ಕಲಿಯಿತು. ಅದಕ್ಕಿಂತ ಹತ್ತಿರದ ಉದಾಹರಣೆ, ಕಡೂರು ಮತ್ತು ಅಜ್ಜಂಪುರದ ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ ಕಲಾಸಂಘ ಕಟ್ಟಿ, 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ನಾಟಕ ತಂಡ ಆರಂಭಿಸಿದರು. ನಾಟಕ ಕಲಿಸುವ ಶಾಲೆ, ಗ್ರೀಕ್ ಮಾದರಿಯ ಬಯಲು ರಂಗಮಂದಿರ ಜತೆಗೂಡಿದವು. ತಂಡ ಹೊಸ ನಾಟಕಗಳನ್ನು ಕಲಿತು ನಾಡಿನುದ್ದ ಆಡಿ ಬರುತ್ತದೆ. ಸುತ್ತಲಿನ ಊರುಗಳ ರೈತರು ವರ್ಷವರ್ಷ ನೋಡಿ ನೋಡಿ ಒಳ್ಳೆಯ ನಾಟಕ ಯಾವುದು, ಜೊಳ್ಳು ಯಾವುದು ಎಂದು ಹೇಳಬಲ್ಲವರಾದರು.

ಎರಡೂ ಕಡೆ ಆದದ್ದು ಒಂದೇ: ನಿಲ್ಲದೆ ನಡೆಯುವ ಕೆಲಸ, ಕಲಿಸುವವರು, ತಿದ್ದುವ ಪ್ರೇಕ್ಷಕರು ಮತ್ತು ಹೊರಲೋಕದ ಜತೆ ನಿತ್ಯದ ಹೋಗಿಬರುವಿಕೆ. ಎರಡೂ ಊರಿನ ಜನಸಂಖ್ಯೆ ಒಂದು ನಗರದ ವಾರ್ಡಿನಷ್ಟೂ ಇಲ್ಲ.

ನಾಲ್ಕು ಊರು, ಒಂದು ಪಟ್ಟಣ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಒಂದೊಂದೂ ಚಿಕ್ಕ ಊರು. ಒಟ್ಟಾದರೆ ಚಿಕ್ಕದಲ್ಲ. ಒಂದರಿಂದ ಇನ್ನೊಂದಕ್ಕೆ ರೈಲಿದೆ, ಬಸ್ಸಿದೆ, ಹೆಚ್ಚೆಂದರೆ ಒಂದು ಗಂಟೆಯ ದಾರಿ. ತೆಂಗು, ಅಡಿಕೆ, ಈರುಳ್ಳಿ ಬೆಳೆಯುವ ರೈತರಿದ್ದಾರೆ. ಅವರ ಮೋಟಾರು, ಟ್ರ್ಯಾಕ್ಟರು, ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ಬೋರ್‌ವೆಲ್ ಬತ್ತಿದ ಕಡೂರಿನ ಬಯಲಿನಲ್ಲಿ ಹನಿ ನೀರಿನ ಲೆಕ್ಕ ಬಲ್ಲವರಿದ್ದಾರೆ. ಆದರೆ ಮೆಕ್ಯಾನಿಕ್ಕು, ಐಟಿಐ ವಿದ್ಯಾರ್ಥಿ, ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ರೈತ ಈ ನಾಲ್ವರೂ ಒಂದು ಮೇಜಿನ ಸುತ್ತ ಸೇರುವ ಜಾಗ ಇಲ್ಲ. ಮದುವೆಗೆ ಕಲ್ಯಾಣಮಂಟಪ ಇದೆ, ಯೋಚನೆಗೆ ಜಗುಲಿ ಇಲ್ಲ.

ದೊಡ್ಡ ಕೆಲಸಗಳು ಈಗಲೂ ಇಲ್ಲಿಗೆ ಬರುತ್ತಿವೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ತರೀಕೆರೆ ತಾಲ್ಲೂಕಿನ ಪಂಪ್‌ಹೌಸ್‌ಗಳನ್ನು ಏರಿ, ಅಜ್ಜಂಪುರದ ಬಳಿ ಕೊರೆದ ಸುಮಾರು ಏಳು ಕಿಲೋಮೀಟರ್ ಸುರಂಗ ದಾಟಿ ಬಯಲುಸೀಮೆಯತ್ತ ಹರಿಯುತ್ತದೆ. ಎಂಟು ಶತಮಾನಗಳ ಹಿಂದೆ ಗುಡಿಯ ಕೆಲಸ ಒಬ್ಬ ಮಲ್ಲಿತಮ್ಮನಿಗೆ ಮೊದಲ ಉಳಿ ಪೆಟ್ಟಿನ ಅವಕಾಶ ಕೊಟ್ಟಿತು. ಈ ಸುರಂಗ, ಈ ಪಂಪ್‌ಹೌಸ್ ಸುತ್ತಲಿನ ಎಷ್ಟು ಮಕ್ಕಳಿಗೆ ಕಲಿಯುವ ಅವಕಾಶ ಕೊಟ್ಟವು? ಟೆಂಡರಿನಲ್ಲಿ ಸಿಮೆಂಟು, ಕಬ್ಬಿಣದ ಲೆಕ್ಕ ಕೇಳುವ ಸರ್ಕಾರ ಸ್ಥಳೀಯ ಐಟಿಐ ಹುಡುಗ ಹುಡುಗಿಯರಿಗೆ ಇಷ್ಟು ತರಬೇತಿ ಎಂಬ ಲೆಕ್ಕವನ್ನೂ ಕೇಳುವುದು ಕಷ್ಟದ ಕೆಲಸವಲ್ಲ.

ಉಳಿದದ್ದು ಇನ್ನೂ ಸುಲಭ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರು ಬಂದಿದೆ; ಅವು ಕೆಲಸ ಮುಗಿಸಿ ಬಂದವರಿಗೂ ಸಂಜೆ ತೆರೆದಿರಲಿ. ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಮನೆ ಸೇರುವಂತೆ ಕೊನೆಯ ಬಸ್ಸು ಅದಕ್ಕೆ ಹೊಂದಿಕೊಳ್ಳಲಿ. ನಾಲ್ಕು ಊರಿನ ಪುರಸಭೆ, ಪಟ್ಟಣ ಪಂಚಾಯಿತಿಗಳು ಸೇರಿ ಬೀರೂರು ಜಂಕ್ಷನ್ ಬಳಿ ಒಂದು ಸಾರ್ವಜನಿಕ ವರ್ಕ್‌ಶಾಪ್ ಇಡಲಿ. ಲೇತ್, ವೆಲ್ಡಿಂಗ್, ಕಂಪ್ಯೂಟರು ಯಾರು ಬೇಕಾದರೂ ಬಾಡಿಗೆ ಕೊಟ್ಟು ಬಳಸುವಂತಿರಲಿ. ವರ್ಷಕ್ಕೊಂದು ಸ್ಪರ್ಧೆ ನಡೆಯಲಿ, ಸೋತವರಿಗೂ ಮುಂದಿನ ವರ್ಷದ ಕೆಲಸ ಇರಲಿ. ಬೆಂಗಳೂರು ಸೇರಿದ ಈ ಸೀಮೆಯ ಇಂಜಿನಿಯರುಗಳು, ಬರಹಗಾರರು ಹಬ್ಬಕ್ಕೆ ಬಂದಾಗ ಅಲ್ಲಿ ಒಂದು ಮಧ್ಯಾಹ್ನ ಕಲಿಸಿ ಹೋಗಲಿ.

ಪ್ರತಿಭೆ ಎಲ್ಲ ಊರಿನಲ್ಲೂ ಹುಟ್ಟುತ್ತದೆ. ಅದಕ್ಕೆ ಮೊದಲ ಕೆಲಸ ಕೊಡುವ ಊರು ಮಾತ್ರ ಅದನ್ನು ಬೆಳೆಸುತ್ತದೆ. ನಿಮ್ಮ ಪುರಸಭೆಯ ಮುಂದಿನ ಬಜೆಟ್ ಸಭೆಯಲ್ಲಿ ರಸ್ತೆ, ಚರಂಡಿಯ ಜತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಿ: ಇಪ್ಪತ್ತು ತುಂಬದವರಿಗೆ 'ಮಾಡಿ ನೋಡು' ಎಂದು ಕೊಡಲು ಈ ವರ್ಷ ನಮ್ಮ ಊರಿನಲ್ಲಿ ಯಾವ ಕೆಲಸ ಇದೆ?